ಗುರುವಾರದ ಸೂಜಿ

ಜನ್ನಾಪುರ, ಭದ್ರಾವತಿ
3.6.2024

ರಶ್ಮಿ,

ಒಂಬತ್ತು ವರ್ಷದ ಮೇಲೆ ನನ್ನ ಅಕ್ಷರ ನೋಡಿದರೆ ನಿನಗೆ ಗುರುತು ಸಿಗುತ್ತದೋ ಇಲ್ಲವೋ. ಕಾಗದನಗರದ ಕ್ವಾರ್ಟರ್ಸಿನಲ್ಲಿ ನಿಮ್ಮ ಪಕ್ಕದ ಮನೆಯಲ್ಲಿದ್ದ ಸುಷ್ಮಾ.

ಮೊನ್ನೆ ಪೇಪರಿನ ಮಡಿಕೆಯೊಳಗಿಂದ ಒಂದು ಕರಪತ್ರ ಬಿತ್ತು. ಮುಖದ ಬಂಗಿಗೆ, ಕಪ್ಪು ಕಲೆಗಳಿಗೆ ಅಕ್ಯುಪಂಕ್ಚರ್ ಚಿಕಿತ್ಸೆ ಅಂತ ದಪ್ಪ ಅಕ್ಷರದಲ್ಲಿತ್ತು. ಕೆಳಗೆ ನಿನ್ನ ಫೋಟೊ, ವಿನೋಬನಗರದ ವಿಳಾಸ. ಫೋನ್ ನಂಬರೂ ಇತ್ತು. ಮೂರು ಸಲ ಒತ್ತಿದೆ, ಮೂರು ಸಲವೂ ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ನಿನ್ನ ದನಿ ಕೇಳಿದ ಕೂಡಲೇ, ಅಮ್ಮ ತೀರಿಕೊಂಡಾಗ ಯಾಕೆ ಬರಲಿಲ್ಲ ಅಂತ ಕೇಳಿಬಿಡುತ್ತೇನೆ ಅನ್ನಿಸಿತು. ಈ ಪತ್ರ ಅದನ್ನು ಕೇಳುವುದಕ್ಕಲ್ಲ.

ನನ್ನ ಮುಖಕ್ಕೆ ಬಂಗು ಹತ್ತಿದೆ. ಎರಡು ವರ್ಷದ ಹಿಂದೆ ಕೆನ್ನೆಯ ಮೂಳೆಯ ಮೇಲೆ ಶುರುವಾಯಿತು. ಈಗ ಹಣೆ, ಮೇಲ್ದುಟಿ, ಕತ್ತಿನವರೆಗೂ ಇಳಿದಿದೆ. ಮೆಡಿಕಲ್ ಶಾಪಿನವರು ಕೊಟ್ಟ ಕ್ರೀಮು ಹಚ್ಚಿದೆ. ಮೊದಲ ತಿಂಗಳು ಬೆಳ್ಳಗಾಯಿತು, ಆಮೇಲೆ ಮೊದಲಿಗಿಂತ ಕಪ್ಪಾಯಿತು. ಒಬ್ಬರು ಚರ್ಮದ ಡಾಕ್ಟರಿಗೂ ತೋರಿಸಿದೆ. ಅವರು ಕುರ್ಚಿಯಿಂದ ಏಳದೆ ಇನ್ನೊಂದು ಕ್ರೀಮು ಬರೆದರು.

ರಂಗಪ್ಪ ಸರ್ಕಲ್ ಹತ್ತಿರ ಹಾಲಸ್ವಾಮಿಯವರ ಸೀರೆ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ರೇಷ್ಮೆ ಕೌಂಟರು ನನ್ನದು. ಗಿರಾಕಿಗೆ ಸೀರೆ ತೋರಿಸುವುದೆಂದರೆ ಸೆರಗನ್ನು ನಮ್ಮ ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ಅವರ ಪಕ್ಕ ನಿಲ್ಲಬೇಕು. ಮಾರ್ಚಿನಲ್ಲಿ ಒಬ್ಬ ಹೆಂಗಸು ನನ್ನ ಹೆಗಲಿನಿಂದ ಸೀರೆ ತೆಗೆದು, ಬೇರೆ ಹುಡುಗಿಯ ಮೇಲೆ ಹಾಕಿ ತೋರಿಸಿ ಅಂದರು. ಮಾರನೆ ದಿನ ಹಾಲಸ್ವಾಮಿಯವರು ಬಿಲ್ ಪುಸ್ತಕದಿಂದ ಕಣ್ಣು ತೆಗೆಯದೆ ಹೇಳಿದರು, "ಮೇಲೆ ಸ್ಟಾಕ್ ನೋಡ್ಕೊಳ್ಳಮ್ಮ, ಕೆಳಗೆ ಹೊಸಬಳು ಇರ್ಲಿ." ಕೆಟ್ಟ ಮನುಷ್ಯರಲ್ಲ ಅವರು. ಆವತ್ತಿನಿಂದ ಮೇಲಿನ ಗೋಡೌನಿನಲ್ಲಿ ಸೀರೆಗಳಿಗೆ ಚೀಟಿ ಅಂಟಿಸುತ್ತಿದ್ದೇನೆ.

ಇನ್ನೊಂದು ಹೇಳಿಬಿಡುತ್ತೇನೆ. ಮಗಳು ಸುಮನಾ ಏಳನೇ ಕ್ಲಾಸು. ಶಾಲೆಯ ಮೀಟಿಂಗಿಗೆ ಅಪ್ಪನೇ ಬರಲಿ ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ.

ನಿನ್ನಿಂದ ಆಗುತ್ತದೆಯೇ? ಆಗದಿದ್ದರೆ ಆಗುವುದಿಲ್ಲ ಅಂತಲೇ ಬರಿ.

ಸುಷ್ಮಾ


ವಿನೋಬನಗರ, ಶಿವಮೊಗ್ಗ
10.6.2024

ಪ್ರೀತಿಯ ಸುಷ್ಮಾ,

ನಿನ್ನ ಅಕ್ಷರ ಲಕೋಟೆಯ ಮೇಲೆ ನೋಡಿಯೇ ಗೊತ್ತಾಯಿತು. ಒಡೆಯುವುದಕ್ಕೆ ಸಂಜೆಯವರೆಗೆ ಧೈರ್ಯ ಬರಲಿಲ್ಲ.

ಅಮ್ಮನ ವಿಷಯ ನೀನು ಕೇಳದಿದ್ದರೂ ಹೇಳುತ್ತೇನೆ. ಆಗ ನಾನು ಬೆಂಗಳೂರಿನಲ್ಲಿ ಈ ಅಕ್ಯುಪಂಕ್ಚರ್ ಕೋರ್ಸಿನ ಕೊನೆಯ ಪರೀಕ್ಷೆಯಲ್ಲಿದ್ದೆ. ಬಿಟ್ಟು ಬಂದಿದ್ದರೆ ಒಂದು ವರ್ಷ ಹೋಗುತ್ತಿತ್ತು. ನಿಮ್ಮ ಅಮ್ಮನ ಕೈಯಲ್ಲಿ ಉಂಡು ಬೆಳೆದವಳು ನಾನು. ಒಂದು ವರ್ಷವನ್ನು ಉಳಿಸಿಕೊಂಡು ಅವರ ಮುಖವನ್ನು ಕಳೆದುಕೊಂಡೆ. ಆಮೇಲೆ ಯಾವ ಮುಖ ಇಟ್ಟುಕೊಂಡು ಬರಲಿ ಅಂತ ದಿನ ದೂಡಿದೆ, ದಿನ ವರ್ಷಗಳಾದವು.

ಬಂಗು ಬರೀ ಚರ್ಮದ ಕಾಯಿಲೆಯಲ್ಲ. ನಮ್ಮ ಪದ್ಧತಿಯಲ್ಲಿ ಅದಕ್ಕೆ ಬೇರು ಒಳಗಿರುತ್ತದೆ. ಯಕೃತ್ತೋ ಮೂತ್ರಪಿಂಡವೋ ಸೊರಗಿದಾಗ ಅದು ಮುಖದಲ್ಲಿ ಕಾಣಿಸುತ್ತದೆ. ನಾಡಿ ನೋಡಿ, ನಾಲಿಗೆ ನೋಡಿ ಎಲ್ಲಿ ಅಂತ ಹುಡುಕುತ್ತೇವೆ. ಕೂದಲಿನಷ್ಟು ತೆಳುವಾದ ಸೂಜಿ, ನೋವಿರುವುದಿಲ್ಲ. ನನ್ನ ಹತ್ತಿರ ಹತ್ತು ಜನ ಬಂದರೆ ಆರು ಜನಕ್ಕೆ ತಿಳಿಯಾಗಿದೆ. ನಿನಗೂ ಆಗುತ್ತದೆ. ನಾನು ಮಾಡುತ್ತೇನೆ.

ಕ್ರೀಮುಗಳನ್ನೆಲ್ಲ ಬಿಟ್ಟುಬಿಡು. ಗುರುವಾರ ನಿಮ್ಮ ಅಂಗಡಿಗೆ ರಜೆಯಲ್ಲವೇ? ಇಪ್ಪತ್ತನೇ ತಾರೀಕು ಬಾ. ಪೊಲೀಸ್ ಚೌಕಿಯ ಹತ್ತಿರ ಇಳಿದು ಯಾರನ್ನು ಕೇಳಿದರೂ ತೋರಿಸುತ್ತಾರೆ.

ಇಂತಿ ನಿನ್ನ,
ರಶ್ಮಿ


ಜನ್ನಾಪುರ
12.7.2024

ರಶ್ಮಿ,

ಮುಖದ ತುಂಬ ಸೂಜಿ ಇರುವಾಗ ಬಾಯಿ ಆಡಿಸಬಾರದು ಅಂತೀಯ. ಪರದೆಯ ಆಚೆ ಯಾರಾದರೂ ಕಾದಿರುತ್ತಾರೆ. ಮಾತನಾಡುವುದಕ್ಕೆ ಆಗುವುದೇ ಇಲ್ಲ ಮಾರಾಯ್ತಿ. ಅದಕ್ಕೆ ಬರೆದೇ ಹೇಳುತ್ತೇನೆ.

ನಾಲ್ಕು ಗುರುವಾರ ಆಯಿತು. ಹುಬ್ಬಿನ ನಡುವೆ ಚುಚ್ಚುವಾಗ ಇರುವೆ ಕಚ್ಚಿದ ಹಾಗೆ ಆಗುತ್ತದೆ, ಹೆಬ್ಬೆರಳ ಸಂದಿಯದು ಮಾತ್ರ ಮೊಣಕೈವರೆಗೆ ಜುಮ್ಮೆನ್ನುತ್ತದೆ. ಆ ಇಪ್ಪತ್ತೈದು ನಿಮಿಷ ನಾನು ಛಾವಣಿ ನೋಡುತ್ತಾ ಮಲಗಿರುತ್ತೇನಲ್ಲ, ಅದರಷ್ಟು ನೆಮ್ಮದಿ ನನಗೆ ವಾರದಲ್ಲಿ ಬೇರೆ ಎಲ್ಲೂ ಇಲ್ಲ. ನೀನು ನನ್ನ ಮುಖದ ಹತ್ತಿರ ಬಗ್ಗಿ ನೋಡುತ್ತೀಯ. ಎರಡು ವರ್ಷದಿಂದ ಯಾರೂ ಅಷ್ಟು ಹತ್ತಿರ ಬಂದು ನೋಡಿರಲಿಲ್ಲ.

ಮೊದಲ ದಿನ ನೀನು ಫಾರಂ ತುಂಬಿಸುವಾಗ ಇವರು ಪಕ್ಕದಲ್ಲೇ ಕೂತಿದ್ದರು. ಹಿಂದಿನ ಕಾಯಿಲೆ ಅನ್ನುವ ಸಾಲಿನ ಮೇಲೆ ನೀನು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದೆ. ಪಿಯುಸಿಯಲ್ಲಿ ನನಗೆ ಕ್ಷಯ ಆಗಿ ಆರು ತಿಂಗಳು ಮಾತ್ರೆ ನುಂಗಿದ್ದು ಗಂಡನ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನೀನು 'ಇಲ್ಲ' ಅಂತ ಬರೆದೆ. ಆವತ್ತು ಅಲ್ಲಿ ಥ್ಯಾಂಕ್ಸ್ ಹೇಳಲಾಗಲಿಲ್ಲ, ಈಗ ಹೇಳುತ್ತಿದ್ದೇನೆ.

ಒಂದು ನಾಚಿಕೆಯ ವಿಷಯ. ಇತ್ತೀಚೆಗೆ ಉಪ್ಪು ತಿನ್ನಬೇಕು ಅನ್ನಿಸುತ್ತದೆ. ಮಿಡಿ ಉಪ್ಪಿನಕಾಯಿ ಜಾಡಿಯ ತಳದ ರಸವನ್ನು ಚಮಚದಲ್ಲಿ ಕುಡಿಯುತ್ತೇನೆ. ಸುಮನಾ ನೋಡಿ ನಕ್ಕಳು. ಬಸುರಿಯೇನೋ ಅಂತ ಓರಗಿತ್ತಿ ಅಂದಳು. ಅದಲ್ಲ. ಮೆಟ್ಟಿಲು ಹತ್ತಿದರೆ ತಲೆ ತಿರುಗುತ್ತದೆ. ಇದೂ ಬಂಗಿಗೆ ಸೇರಿದ್ದೇ?

ನಿನ್ನ,
ಸುಷ್ಮಾ


ವಿನೋಬನಗರ
19.7.2024

ಪ್ರೀತಿಯ ಸುಷ್ಮಾ,

ಸೇರಿದ್ದೇ. ನಾನು ಹುಡುಕುತ್ತಿದ್ದ ಬೇರು ಈಗ ಸಿಕ್ಕಿತು ಅನ್ನಿಸುತ್ತಿದೆ. ಮೂತ್ರಪಿಂಡದ ಶಕ್ತಿ ಕುಂದಿದೆ. ನಮ್ಮ ಶಾಸ್ತ್ರದಲ್ಲಿ ಅದರ ಬಣ್ಣ ಕಪ್ಪು, ಅದರ ರುಚಿ ಉಪ್ಪು. ಸೊರಗಿದ ಅಂಗ ತನ್ನ ರುಚಿಯನ್ನು ಬೇಡುತ್ತದೆ. ಕೇಳಿದಷ್ಟೂ ಕೊಟ್ಟರೆ ಕಪ್ಪು ಮೇಲೆ ಬರುತ್ತದೆ. ಆದ್ದರಿಂದ ಉಪ್ಪನ್ನು ಇವತ್ತಿನಿಂದಲೇ ಕಡಿಮೆ ಮಾಡು. ಉಪ್ಪಿನಕಾಯಿ, ಹಪ್ಪಳ ಮುಟ್ಟಬೇಡ. ಸಾರಿಗೂ ಅರ್ಧ ಹಾಕು. ಮೊದಲ ವಾರ ಕಷ್ಟವಾಗುತ್ತದೆ, ತಡೆದುಕೋ.

ಕಾಲಿನಲ್ಲೂ ಎರಡು ಕಡೆ ಸೂಜಿ ಸೇರಿಸುತ್ತೇನೆ, ತಲೆ ತಿರುಗುವುದು ನಿಲ್ಲುತ್ತದೆ.

ಇನ್ನೊಂದು ವಿಷಯ. ಅಕ್ಟೋಬರಿನಲ್ಲಿ ಇಲ್ಲಿನ ಮಹಿಳಾ ಮಂಡಳಿಯವರು ನನ್ನಿಂದ ಒಂದು ಉಪನ್ಯಾಸ ಇಟ್ಟಿದ್ದಾರೆ. ಸೂಜಿ ಅಂದರೆ ನಗುವವರೇ ಹೆಚ್ಚು ಈ ಊರಿನಲ್ಲಿ. ನನ್ನ ಯಜಮಾನರೂ ಕ್ಲಿನಿಕ್ ಅನ್ನದೆ 'ನಿನ್ನ ಆ ರೂಮು' ಅನ್ನುತ್ತಾರೆ. ಆ ಹೊತ್ತಿಗೆ ನಿನ್ನ ಮುಖ ತಿಳಿಯಾಗಿದ್ದರೆ ನನ್ನ ಜೊತೆ ವೇದಿಕೆಗೆ ಬರುತ್ತೀಯಾ? ಬಲವಂತವಿಲ್ಲ.

ಉಪ್ಪಿನ ವಿಷಯದಲ್ಲಿ ಮಾತ್ರ ಬಲವಂತ.

ನಿನ್ನ,
ರಶ್ಮಿ


ಜನ್ನಾಪುರ
22.9.2024

ರಶ್ಮಿ,

ನಿನಗೆ ಮೊದಲು ಹೇಳಬೇಕು ಅಂತ ಇವರಿಗೂ ಹೇಳದೆ ಬರೆಯುತ್ತಿದ್ದೇನೆ. ನಿನ್ನೆ ಹಾಲಸ್ವಾಮಿಯವರು ಮೇಲೆ ಬಂದರು. ಕಿಟಕಿಯ ಬೆಳಕಿನಲ್ಲಿ ನಿಂತಿದ್ದೆ. ಸ್ವಲ್ಪ ಹೊತ್ತು ನೋಡಿದರು. "ಈಗ ಪರವಾಗಿಲ್ಲ ಕಣಮ್ಮ. ದಸರಾ ಸೀಸನ್ನಿಗೆ ಕೆಳಗೆ ಬಾ" ಅಂದರು. ಆರು ತಿಂಗಳ ಮೇಲೆ ನನ್ನ ಕೌಂಟರಿಗೆ ನಾನು ವಾಪಸು ಹೋಗುತ್ತೇನೆ.

ಕೆನ್ನೆಯ ಅಂಚು ತಿಳಿಯಾಗಿರುವುದು ನಿಜ. ಹಣೆ ಹಾಗೆಯೇ ಇದೆ, ಪೌಡರಿನಲ್ಲಿ ಮುಚ್ಚುತ್ತದೆ. ತೆಳ್ಳಗಾಗಿದ್ದೇನೆ ಅಂತ ಎಲ್ಲರೂ ಹೊಗಳುತ್ತಾರೆ. ಮದುವೆಯ ವರ್ಷ ಹೊಲಿಸಿದ ರವಿಕೆ ಈಗ ಹಿಡಿಯುತ್ತದೆ. ಸುಮನಾ ನನ್ನ ಜೊತೆ ಪೇಟೆಗೆ ಬಂದಳು, ಅವಳ ಗೆಳತಿ ಎದುರಾದಾಗ ನನ್ನ ಕೈ ಬಿಡಲಿಲ್ಲ.

ಬೈಯಬೇಡ, ಒಂದು ಮಾತು. ಬೆಳಿಗ್ಗೆ ಏಳುವಾಗ ವಾಕರಿಕೆ. ಊಟ ಸೇರುವುದಿಲ್ಲ. ಸೀರೆಯ ಕಟ್ಟು ಎತ್ತಿದರೆ ಕಣ್ಣು ಕತ್ತಲೆ ಬರುತ್ತದೆ, ಗೋಡೆ ಹಿಡಿದು ನಿಲ್ಲುತ್ತೇನೆ. ಉಪ್ಪು ಮುಟ್ಟಿಲ್ಲ, ನಿನ್ನಾಣೆ. ವಿಷ ಹೊರಗೆ ಹೋಗುವಾಗ ಹೀಗೆ ಆಗುತ್ತದೆ ಅಂತ ನಿನ್ನ ಹತ್ತಿರ ಬರುವ ಒಬ್ಬ ಹೆಂಗಸು ಬೆಂಚಿನ ಮೇಲೆ ಹೇಳಿದರು. ಹೌದಾ? ಹೌದು ಅಂದರೆ ತಡೆದುಕೊಳ್ಳುತ್ತೇನೆ. ಚಿಕಿತ್ಸೆ ನಿಲ್ಲಿಸು ಅಂತ ಮಾತ್ರ ಹೇಳಬೇಡ. ಮತ್ತೆ ಮೇಲಿನ ಗೋಡೌನಿಗೆ ಹೋಗಲಾರೆ.

ಉಪನ್ಯಾಸಕ್ಕೆ ಬರುತ್ತೇನೆ. ಯಾವ ಸೀರೆ ಉಡಲಿ ಅಂತ ಹೇಳು.

ನಿನ್ನ,
ಸುಷ್ಮಾ


ವಿನೋಬನಗರ
28.9.2024

ಸುಷ್ಮಾ,

ಕೌಂಟರಿಗೆ ವಾಪಸು ಹೋಗುತ್ತೀಯ ಅಂತ ಕೇಳಿ ತುಂಬಾ ಸಂತೋಷ. ಮೂರನೇ ತಾರೀಕು ತಪ್ಪದೆ ಬಾ. ಸ್ವಲ್ಪ ಮಾತನಾಡುವುದಿದೆ, ಎದುರಿಗೇ ಹೇಳುತ್ತೇನೆ.

ಹಸಿರು ಸೀರೆ ಉಡು.

ರಶ್ಮಿ


ಜನ್ನಾಪುರ, ಭದ್ರಾವತಿ
4.11.2024

ರಶ್ಮಿ ಮೇಡಂ ಅವರಿಗೆ,

ನೀವು ಹಲವು ಸಲ ಫೋನ್ ಮಾಡಿದ್ದಿರಿ. ನಾನು ತೆಗೆಯಲಿಲ್ಲ. ಸುಷ್ಮಾ ಅಕ್ಟೋಬರ್ ಹದಿನೇಳರಂದು ತೀರಿಕೊಂಡಳು. ಅಷ್ಟು ಯಾರಿಂದಲೋ ನಿಮಗೆ ತಿಳಿದಿರಬಹುದು. ಹೇಗೆ ಅನ್ನುವುದನ್ನು ನಾನು ಬರೆಯುತ್ತೇನೆ. ನಾನು ಲೈನ್‌ಮನ್ ಕೆಲಸದವನು, ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ಕ್ಷಮಿಸಿ.

ದಸರಾ ಮುಗಿದ ಮೇಲೆ ಅವಳಿಗೆ ಜ್ವರ, ವಾಂತಿ ಶುರುವಾಯಿತು. ಸೀಸನ್ನಿನ ಆಯಾಸ ಅಂದುಕೊಂಡೆವು. ಎರಡು ದಿನ ಗಂಜಿ ಕುಡಿಸಿದೆ. ಉಪ್ಪು ಹಾಕಿದ್ದಕ್ಕೆ ಕುಡಿಯಲಿಲ್ಲ. "ರಶ್ಮಿ ಬೇಡ ಅಂದಿದ್ದಾಳೆ ಕಣ್ರೀ, ಈಗ ಕೆಡಿಸ್ಬೇಡಿ" ಅಂದಳು. ಬೇರೆ ಗಂಜಿ ಮಾಡಿ ಸಪ್ಪೆಯದನ್ನೇ ಕೊಟ್ಟೆ. ಹದಿನಾರನೇ ತಾರೀಕು ಬೆಳಿಗ್ಗೆ ಸ್ನಾನದ ಮನೆಯ ಬಾಗಿಲಲ್ಲಿ ಬಿದ್ದಳು. ಇಲ್ಲಿಯ ಆಸ್ಪತ್ರೆಯಲ್ಲಿ ಬಿಪಿ ಸಿಗುತ್ತಿಲ್ಲ ಅಂದರು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು.

ಅಲ್ಲಿಯ ಡಾಕ್ಟರು ಮೊದಲು ಅವಳ ಅಂಗೈ ಬಿಡಿಸಿ ನೋಡಿದರು. ಆಮೇಲೆ ತುಟಿ ಎತ್ತಿ ವಸಡು ನೋಡಿದರು. ಇವರಿಗೆ ಹಿಂದೆ ಟಿ.ಬಿ. ಆಗಿತ್ತಾ ಅಂತ ಕೇಳಿದರು. ಇಲ್ಲ ಅಂದೆ. ಪಕ್ಕದಲ್ಲಿ ನಿಂತಿದ್ದ ಅವಳ ತಮ್ಮ ಲೋಹಿತ್ ತಲೆ ತಗ್ಗಿಸಿ, ಆಗಿತ್ತು ಭಾವ, ಅಂದ. ಹದಿನಾಲ್ಕು ವರ್ಷ ಸಂಸಾರ ಮಾಡಿದ ಮೇಲೆ ನನಗೆ ಅದು ಗೊತ್ತಾಗಿದ್ದು ಆಸ್ಪತ್ರೆಯ ಬಾಗಿಲಲ್ಲಿ.

ಕಿಡ್ನಿಯ ಮೇಲೆ ಎರಡು ಸಣ್ಣ ಗ್ರಂಥಿಗಳಿರುತ್ತವಂತೆ. ಹಳೆಯ ಕಾಯಿಲೆಯಿಂದ ಅವು ಒಳಗೊಳಗೇ ಸುಟ್ಟುಹೋಗಿದ್ದವು. ಮೈ ಕಪ್ಪಾಗುವುದು, ತೂಕ ಇಳಿಯುವುದು, ಉಪ್ಪು ಬೇಕು ಅನ್ನಿಸುವುದು ಎಲ್ಲ ಅದರದ್ದೇ ಲಕ್ಷಣ. ಮೈಯಲ್ಲಿ ಉಪ್ಪು ನಿಲ್ಲುತ್ತಿರಲಿಲ್ಲ, ಅದಕ್ಕೇ ಮೈ ಕೇಳುತ್ತಿತ್ತು. ಡ್ರಿಪ್ ಹಾಕಿದರು, ಇಂಜೆಕ್ಷನ್ ಕೊಟ್ಟರು. ಜ್ವರದ ನಂಜು ರಕ್ತಕ್ಕೆ ಏರಿತ್ತು. ಮಾರನೆ ದಿನ ಮಧ್ಯಾಹ್ನ ಹೋದಳು. ಡಾಕ್ಟರು ನನ್ನನ್ನು ಹೊರಗೆ ಕರೆದು, "ಮೂರು ತಿಂಗಳು ಮುಂಚೆ ಬಂದಿದ್ರೆ ದಿನಾ ಮಾತ್ರೆ ನುಂಗ್ಕೊಂಡು ಚೆನ್ನಾಗಿರ್ತಿದ್ರು. ಇಷ್ಟು ದಿನ ಯಾರೂ ನೋಡ್ಲಿಲ್ವಾ?" ಅಂತ ಕೇಳಿದರು.

ಪ್ರತಿ ಗುರುವಾರ ನೋಡುತ್ತಿದ್ದರು ಅಂದೆ.

ನನಗೆ ವೈದ್ಯ ತಿಳಿಯದು. ನಿಮ್ಮ ಮೇಲೆ ಅವಳಿಗೆ ಎಷ್ಟು ಪ್ರೀತಿ ಇತ್ತು ಅನ್ನುವುದು ತಿಳಿದಿದೆ. ಒಂದೇ ಪ್ರಶ್ನೆ ಕೇಳುತ್ತೇನೆ. ನಿಮಗೆ ಗೊತ್ತಿತ್ತೇ?

ಚಂದ್ರಹಾಸ


ವಿನೋಬನಗರ
2.12.2024

ಚಂದ್ರಹಾಸ ಅವರಿಗೆ,

ನಿಮ್ಮ ಪತ್ರ ಬಂದು ನಾಲ್ಕು ವಾರ ಆಗುತ್ತಾ ಬಂತು. ಗೊತ್ತಿರಲಿಲ್ಲ ಅಂತ ಬರೆದು ಎರಡು ಸಲ ಹರಿದೆ.

ಆ ಕಾಯಿಲೆಯ ಹೆಸರು ನನಗೆ ಗೊತ್ತಿರಲಿಲ್ಲ. ಇದು ನಾನು ನೋಡಿದ ಬಂಗಿನ ಹಾಗಿಲ್ಲ ಅನ್ನುವುದು ಗೊತ್ತಿತ್ತು. ಬಂಗು ಮುಖದಲ್ಲಿ ನಿಲ್ಲುತ್ತದೆ. ಸುಷ್ಮಾಳ ಅಂಗೈಯ ಗೆರೆಗಳು ಮಸಿ ಒರೆಸಿದ ಹಾಗೆ ಕಪ್ಪಾಗಿದ್ದವು. ವಸಡಿನ ಮೇಲೆ ಮಚ್ಚೆಗಳಿದ್ದವು. ಬೆರಳ ಗಂಟುಗಳು, ಹಳೆಯ ಗಾಯದ ಗುರುತುಗಳು ಎಲ್ಲವೂ ಕಪ್ಪು. ಪ್ರತಿ ವಾರ ನಾಡಿ, ನಾಲಿಗೆ ನೋಡುವ ನೆಪದಲ್ಲಿ ಅವನ್ನೆಲ್ಲ ನೋಡಿ ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಪಕ್ಕದಲ್ಲಿ 'ರಕ್ತ ಕಟ್ಟಿದೆ' ಅಂತ ಷರಾ ಹಾಕಿದ್ದೇನೆ. ನನಗೆ ಕಲಿಸಿದವರು ಹಾಗೆ ಕಲಿಸಿದ್ದರು. ಆದರೆ ನಮಗೆ ತಿಳಿಯದ್ದು ಕಂಡರೆ ಡಾಕ್ಟರ ಹತ್ತಿರ ಕಳಿಸಿ ಅಂತಲೂ ಅವರೇ ಕಲಿಸಿದ್ದರು.

ಕ್ಷಯದ ವಿಷಯ ನನಗೆ ಗೊತ್ತಿತ್ತು. ಆ ಆರು ತಿಂಗಳು ಅವಳಿಗೆ ಕಾಲೇಜಿನ ನೋಟ್ಸ್ ಬರೆದುಕೊಟ್ಟವಳೇ ನಾನು. ಫಾರಂ ಮೇಲೆ ಇಲ್ಲ ಅಂತ ಬರೆದೆ. ಅವಳ ಗುಟ್ಟು ಕಾಯುತ್ತಿದ್ದೇನೆ ಅಂತ ನನಗೆ ಹೆಮ್ಮೆಯಿತ್ತು.

ಸೆಪ್ಟೆಂಬರ್ ಕೊನೆಯಲ್ಲಿ ಅವಳ ಪತ್ರ ಬಂತು. ವಾಕರಿಕೆ, ಕಣ್ಣು ಕತ್ತಲೆ ಅಂತ ಬರೆದಿದ್ದಳು. ಇಪ್ಪತ್ತೆಂಟನೇ ತಾರೀಕು ಅವಳಿಗೆ ಮೂರು ಪುಟದ ಪತ್ರ ಬರೆದೆ. ಸೂಜಿ ಸಾಕು, ಉಪ್ಪು ತಿನ್ನು, ನಾಳೆಯೇ ದೊಡ್ಡ ಡಾಕ್ಟರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸು, ಕ್ಷಯ ಆಗಿತ್ತು ಅಂತ ಅವರಿಗೆ ಹೇಳು ಅಂತ ಬರೆದಿದ್ದೆ. ಮಡಿಚಿ ಲಕೋಟೆಗೆ ಹಾಕಿದೆ. ಆಮೇಲೆ ತೆಗೆದು ನಾಲ್ಕು ಸಾಲಿನ ಬೇರೆ ಪತ್ರ ಬರೆದು ಅಂಚೆಗೆ ಹಾಕಿದೆ. ಎದುರಿಗೇ ಹೇಳೋಣ ಅಂತ ನನಗೆ ನಾನೇ ಹೇಳಿಕೊಂಡೆ. ಉಪನ್ಯಾಸ ಹನ್ನೊಂದನೇ ತಾರೀಕು ಇತ್ತು.

ದಸರಾ ಸೀಸನ್ ಅಂತ ಗುರುವಾರದ ರಜೆ ಇರಲಿಲ್ಲ, ಮೂರನೇ ತಾರೀಕು ಅವಳು ಅಂಗಡಿಗೆ ಹೋಗುವ ಮೊದಲು ಬಂದಳು. ಹಸಿರು ಸೀರೆ, ತುಟಿಗೆ ಬಣ್ಣ. ಮಂಚದ ಮೇಲೆ ಕೂತು ನನ್ನ ಎರಡೂ ಕೈ ಹಿಡಿದುಕೊಂಡು, "ನನ್ನ ಮುಖ ನಂಗೆ ವಾಪಸ್ ಕೊಟ್ಟೆ ಕಣೇ" ಅಂದಳು. ನನ್ನ ಬಾಯಲ್ಲಿ ಮಾತು ಇತ್ತು. ಮಲಗಿಸಿ ಸೂಜಿ ಚುಚ್ಚಿದೆ. ಹೋಗುವಾಗ ಏನೋ ಮಾತನಾಡುವುದಿದೆ ಅಂದಿದ್ದೆಯಲ್ಲ ಅಂತ ಕೇಳಿದಳು. ಹಬ್ಬ ಮುಗಿಯಲಿ ಅಂದೆ.

ಹನ್ನೊಂದಕ್ಕೆ ಅವಳು ವೇದಿಕೆಗೂ ಬಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಇಳಿಯುವಾಗ ಮೆಟ್ಟಿಲ ಮೇಲೆ ತೂರಾಡಿದಳು, ನಾನೇ ತೋಳು ಹಿಡಿದೆ.

ಕೆನ್ನೆ ತಿಳಿಯಾದದ್ದು ಸೂಜಿಯಿಂದ ಅಂತ ಈಗ ನನಗೆ ಅನ್ನಿಸುವುದಿಲ್ಲ. ಕ್ರೀಮು ಬಿಟ್ಟಿದ್ದಳು, ಮಳೆಗಾಲ, ಗೋಡೌನಿನಲ್ಲಿ ಬಿಸಿಲೂ ಇರಲಿಲ್ಲ. ಅಷ್ಟೇ ಇದ್ದಿರಬೇಕು.

ಕ್ಲಿನಿಕ್ಕಿನ ಬೋರ್ಡು ತೆಗೆಸಿದ್ದೇನೆ. ಅದರಿಂದ ಯಾರಿಗೂ ಏನೂ ಆಗುವುದಿಲ್ಲ ಅಂತ ಗೊತ್ತು. ಈ ಪತ್ರವನ್ನು ನೀವು ಯಾರಿಗೆ ಬೇಕಾದರೂ ತೋರಿಸಬಹುದು. ನಾನು ಎಲ್ಲಿ ಬೇಕಾದರೂ ಬಂದು ಇದನ್ನೇ ಹೇಳುತ್ತೇನೆ. ಸುಮನಾಳಿಗೆ ಏನು ಹೇಳಬೇಕು ಅಂತ ಮಾತ್ರ ನನಗೆ ತಿಳಿಯುತ್ತಿಲ್ಲ.

ರಶ್ಮಿ


ಜನ್ನಾಪುರ
6.1.2025

ರಶ್ಮಿಯವರಿಗೆ,

ನಿಮ್ಮ ಪತ್ರ ತಲುಪಿತು. ಓದಿದ ದಿನ ಬಸ್ಸು ಹತ್ತಿ ವಿನೋಬನಗರಕ್ಕೆ ಬಂದಿದ್ದೆ. ನಿಮ್ಮನ್ನು ಏನು ಮಾಡಬೇಕು ಅಂತ ಬಂದೆನೋ ನನಗೇ ಗೊತ್ತಿಲ್ಲ. ಬಾಗಿಲಿಗೆ ಬೀಗ ಹಾಕಿತ್ತು. ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಮುಖಕ್ಕೆ ವೇಲ್ ಸುತ್ತಿಕೊಂಡು ಕೂತಿದ್ದರು. ಮೇಡಂ ಯಾವಾಗ ಬರ್ತಾರೆ ಅಂತ ನನ್ನನ್ನು ಕೇಳಿದರು. ಗೊತ್ತಿಲ್ಲ ಅಂದು ವಾಪಸು ಬಂದೆ.

ಲೋಹಿತ್ ಪೊಲೀಸ್ ಕಂಪ್ಲೇಂಟ್ ಕೊಡಬೇಕು ಅನ್ನುತ್ತಿದ್ದಾನೆ. ನಿಮ್ಮಿಂದ ಏನಾದರೂ ಪತ್ರ ಬಂದಿದೆಯಾ ಅಂತ ಕೇಳಿದ. ಬಂದಿಲ್ಲ ಅಂದೆ. ನಿಮ್ಮನ್ನು ಉಳಿಸುವುದಕ್ಕೆ ಹೇಳಿದ್ದಲ್ಲ. ನಿಮ್ಮನ್ನು ಕ್ಷಮಿಸಿಲ್ಲ. ಕ್ಷಮಿಸುವುದು ನನ್ನಿಂದ ಆಗುವುದಿಲ್ಲ.

ಅವಳ ಅಂಗೈ ಕಪ್ಪಾಗಿತ್ತು ಅಂತ ನೀವು ಬರೆದಿದ್ದೀರಿ. ವಸಡು ಕಪ್ಪಾಗಿತ್ತು ಅಂತ ಬರೆದಿದ್ದೀರಿ. ಆ ಕಾಗದ ನಾಲ್ಕು ಜನರ ಮುಂದೆ ಹೋದರೆ ಅವರು ಮೊದಲು ನಿಮ್ಮನ್ನು ಕೇಳುತ್ತಾರೆ. ಆಮೇಲೆ ನನ್ನ ಕಡೆ ತಿರುಗುತ್ತಾರೆ. ವಾರಕ್ಕೆ ಒಂದು ದಿನ ನೋಡಿದವಳಿಗೆ ಕಂಡದ್ದು ದಿನಾ ಜೊತೆಗಿದ್ದವನಿಗೆ ಯಾಕೆ ಕಾಣಲಿಲ್ಲ ಅಂತ. ಬಂಗು ಕಡಿಮೆಯಾಯಿತು ಅಂತ ನಾನೂ ಸಂತೋಷಪಟ್ಟೆ. ಮದುವೆಯ ರವಿಕೆ ಹಿಡಿಯಿತು ಅಂದಾಗ ಚೆನ್ನಾಗಿ ಕಾಣುತ್ತೀಯ ಅಂದೆ. ಎರಡು ವರ್ಷ ಅವಳ ಮುಖವನ್ನು ನೇರ ನೋಡುವುದನ್ನು ಬಿಟ್ಟಿದ್ದೆ. ನೋಡಿದರೆ ಬೇಜಾರು ಮಾಡಿಕೊಳ್ಳುತ್ತಾಳೆ ಅಂತ ನೆಪ.

ಸುಮನಾ ನಿಮ್ಮನ್ನು ಕೇಳುವುದಿಲ್ಲ. ನನ್ನನ್ನು ಕೇಳಿದಳು. ಅಮ್ಮನಿಗೆ ಹುಷಾರಿಲ್ಲ ಅಂತ ನಿಮಗೆ ಗೊತ್ತಾಗಲಿಲ್ವಾ ಅಪ್ಪ ಅಂದಳು. ಇನ್ನು ಮೇಲೆ ಬರೆಯಬೇಡಿ. ನನ್ನಿಂದಲೂ ಪತ್ರ ಬರುವುದಿಲ್ಲ.

ಹದಿನಾಲ್ಕು ವರ್ಷ ಅವಳು ದಿನಕ್ಕೆ ಎರಡು ಸಲ ನನ್ನ ಮುಂದೆ ಕೈ ಚಾಚಿ ತಟ್ಟೆ ಇಟ್ಟಿದ್ದಾಳೆ. ನಾನು ತಟ್ಟೆಯನ್ನು ನೋಡುತ್ತಿದ್ದೆ.

ಚಂದ್ರಹಾಸ